ಸೀಲು ಬಿದ್ದ ಮೇಲೆ

ಬೆಳಿಗ್ಗೆ ಒಂಬತ್ತೂ ಕಾಲಿಗೆ ಫೋನ್ ಬಂತು. ಅಕೌಂಟ್ಸ್ ಮೇಡಂ. "ರಾತ್ರಿಯಿಂದ ಒಂದು ಇ-ಮೇಲೂ ಬಂದಿಲ್ಲ. ಕಳಿಸಿದ್ರೆ ಹೋಗ್ತಾನೂ ಇಲ್ಲ. ಪುಣೆ ಪಾರ್ಟಿಯವರು ಎರಡು ಸಲ ಫೋನ್ ಮಾಡಿದ್ರು. ನಾಳೆ ಜಿಎಸ್‌ಟಿ ರಿಟರ್ನ್ ಹಾಕೋಕೆ ಕೊನೇ ದಿನ, ಆಡಿಟರ್‌ಗೆ ಶೀಟ್ ಕಳಿಸ್ಬೇಕು. ನೀವೇ ಬಂದುಬಿಡಿ."

ಹೋದ ವರ್ಷ ಆಗಸ್ಟ್ 10. ತಟ್ಟೆಯಲ್ಲಿದ್ದ ದೋಸೆ ಅರ್ಧಕ್ಕೆ ಬಿಟ್ಟು ಗಾಡಿ ತೆಗೆದೆ. ಸಣ್ಣಗೆ ಮಳೆ ಹಿಡಿದಿತ್ತು.

ಶಿವಮೊಗ್ಗದಲ್ಲಿ ನಾಲ್ಕೈದು ಸಣ್ಣ ಕಂಪನಿಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಇದು ಊರ ಹೊರಗಿನ ಒಂದು ಫೌಂಡ್ರಿ. ಕಬ್ಬಿಣ ಕರಗಿಸಿ, ಎರಕ ಹೊಯ್ದು, ಗಾಡಿಗಳ ಬಿಡಿಭಾಗ ಮಾಡುತ್ತಾರೆ. 60 ಚಿಲ್ಲರೆ ಮೇಲ್‌ಬಾಕ್ಸ್ ಇವೆ. ಪಾರ್ಟಿಗಳು ಕಳಿಸುವ ಡ್ರಾಯಿಂಗ್ ಹೊರಗಿನವರ ಕೈಗೆ ಹೋಗಬಾರದು ಅಂತ ಮಾಲೀಕರು ಮೇಲ್ ಸರ್ವರ್ ಆಫೀಸಿನಲ್ಲೇ ಇಟ್ಟುಕೊಂಡಿದ್ದಾರೆ. ಸ್ಟೋರ್ ಪಕ್ಕದ ಚಿಕ್ಕ ರೂಮಿನಲ್ಲಿ ಒಂದು ಟವರ್ ಸರ್ವರ್, ಅದರ ಪಕ್ಕ ಯುಪಿಎಸ್, ಮೇಲಿನ ಹಲಗೆಯಲ್ಲಿ ಬ್ಯಾಕಪ್‌ಗೆ ಅಂತ ಒಂದು ಯುಎಸ್‌ಬಿ ಡಿಸ್ಕ್. ಸರ್ವರ್ ನಡೆಸೋಕೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ, ಮೇಲ್ ತಗೊಳ್ಳೋಕೆ ಮತ್ತು ಕಳಿಸೋಕೆ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೋರಿಸೋಕೆ ಡವ್‌ಕಾಟ್. ಇದನ್ನು ಕಟ್ಟಿದ್ದು ನಾನೇ. ಆರು ವರ್ಷದಿಂದ ನೋಡಿಕೊಳ್ಳುತ್ತಿರುವುದೂ ನಾನೇ. ಹಾಗಾಗಿ ಮುಂದೆ ಹೇಳುವುದರಲ್ಲಿ ತಪ್ಪು ಇದ್ದರೆ ಅದೂ ನನ್ನದೇ.

ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್, ತೆಗೆದ ತಕ್ಷಣ ವಿಷಯ ಗೊತ್ತಾಯಿತು. ಹಿಂದಿನ ರಾತ್ರಿ 10.43ರಿಂದ ಒಂದೇ ಮಾತು ಸಾಲುಸಾಲಾಗಿ ಇತ್ತು. ಮೇಲ್ ಕ್ಯೂನಲ್ಲಿ, ಅಂದರೆ ಮೇಲ್‌ಗಳು ಸರದಿ ಕಾಯುವ ಕಡೆ, ಸಾಕಷ್ಟು ಜಾಗ ಇಲ್ಲ. ಅದರ ಕೆಳಗೆ, ಹೊರಗಿನಿಂದ ಬಂದ ಪ್ರತಿಯೊಂದು ಸರ್ವರ್‌ಗೂ ಕೊಟ್ಟ ಉತ್ತರ: 452. ಅಂದರೆ ಸದ್ಯಕ್ಕೆ ಜಾಗ ಇಲ್ಲ, ತಗೊಳ್ಳೋಕೆ ಆಗಲ್ಲ.

ಪೋಸ್ಟ್‌ಫಿಕ್ಸ್ ಡಿಸ್ಕ್ ಪೂರ್ತಿ ತುಂಬುವವರೆಗೆ ಕಾಯುವುದಿಲ್ಲ. ಒಂದು ಮೇಲ್ ಎಷ್ಟು ದೊಡ್ಡದಿರಬಹುದು ಅಂತ ನಾವು ಮಿತಿ ಹಾಕಿರುತ್ತೇವಲ್ಲ, ಅದರ ಒಂದೂವರೆ ಪಟ್ಟು ಜಾಗ ಖಾಲಿ ಇದ್ದರೆ ಮಾತ್ರ ಹೊಸ ಮೇಲ್ ಒಳಗೆ ಬಿಡುತ್ತದೆ. ನಾನು ಹಾಕಿದ್ದ ಮಿತಿ 25 ಎಂಬಿ. ಹಾಗಾಗಿ ಜಾಗ 37.5 ಎಂಬಿಗಿಂತ ಕಡಿಮೆಯಾದ ಆ ಹೊತ್ತಿಗೆ ಬಾಗಿಲು ಹಾಕಿಕೊಂಡಿತ್ತು. ಅರ್ಧ ಮೇಲ್ ತಗೊಂಡು, ಉಳಿದರ್ಧಕ್ಕೆ ಜಾಗ ಸಾಲದೆ ಒದ್ದಾಡುವ ಪ್ರಶ್ನೆಯೇ ಇಲ್ಲ. ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸೆ ವೆನೆಮಾ. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ 1998ರಲ್ಲಿ ಹೊರಗೆ ಬಿಟ್ಟರು. ಅವತ್ತು ಆ ರೂಮಿನಲ್ಲಿ ನಿಂತು ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಬಾಗಿಲ ಹತ್ತಿರ ಟಪಾಲು ಸರ್ ಬಂದು ನಿಂತರು.

ಅವರ ಬಗ್ಗೆ ಒಂದೆರಡು ಮಾತು ಹೇಳಬೇಕು. ಆ ಆಫೀಸಿನಲ್ಲಿ ಇನ್‌ವರ್ಡ್, ಔಟ್‌ವರ್ಡ್ ನೋಡಿಕೊಳ್ಳುವವರು ಅವರು. ಎಲ್ಲರೂ ಟಪಾಲು ಸರ್ ಅಂತಲೇ ಕರೆಯುತ್ತಾರೆ. ಮೆಟ್ಟಿಲ ಪಕ್ಕ ಅವರ ಮೇಜು. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್, ನೇರಳೆ ಇಂಕಿನ ಪ್ಯಾಡ್, ತಾರೀಕು ತಿರುಗಿಸುವ ಗುಂಡು ಸೀಲು. ಕೊರಿಯರ್‌ನವನು ಕವರ್ ಕೊಟ್ಟರೆ ಮೊದಲು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಒಡೆದಿಲ್ಲ, ಒದ್ದೆಯಾಗಿಲ್ಲ ಅಂತ ಖಾತ್ರಿಯಾದ ಮೇಲೆ ರಿಜಿಸ್ಟರ್‌ನಲ್ಲಿ ನಂಬರ್ ಬರೆದು, ಆಮೇಲೆ ಸೀಲು ಹಾಕುತ್ತಾರೆ. ಈ ಕ್ರಮ ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ.

"ಏನಮ್ಮಾ, ರಾತ್ರಿ ಬಂದ ಇ-ಮೇಲ್ ಎಲ್ಲ ಹೋಯ್ತಂತೆ?" ಅಂದರು.

"ಹೋಗಿಲ್ಲ ಸರ್. ನಮ್ಮ ಸರ್ವರ್ ತಗೊಂಡೇ ಇಲ್ಲ. ಜಾಗ ಇಲ್ಲ, ಆಮೇಲೆ ಬನ್ನಿ ಅಂತ ವಾಪಸ್ ಕಳಿಸಿದೆ."

ಅವರು ಒಂದು ಕ್ಷಣ ಯೋಚನೆ ಮಾಡಿದರು. "ಅಂದ್ರೆ ಸೀಲು ಹಾಕಿಲ್ಲ."

"ಹಾಕಿಲ್ಲ."

"ಹಾಗಾದ್ರೆ ಅವರ ಹತ್ರನೇ ಇರುತ್ತೆ, ಬಿಡು," ಅಂದು ಮೇಜಿಗೆ ವಾಪಸ್ ಹೋದರು.

ಮೇಲ್ ಸರ್ವರ್ ಹೇಗೆ ಕೆಲಸ ಮಾಡುತ್ತೆ ಅಂತ ಎಷ್ಟೋ ಜನಕ್ಕೆ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದ್ದೇನೆ. ಇಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನೋಡಿರಲಿಲ್ಲ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗಿಸುವ ಎಸ್‌ಎಂಟಿಪಿ ಅನ್ನುವ ಒಪ್ಪಂದದ ಜೀವಾಳ ಇರುವುದು ಅವರು ಹೇಳಿದ ಆ ಒಂದು ಮಾತಿನಲ್ಲೇ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಅದನ್ನು ಆರ್‌ಎಫ್‌ಸಿ 821 ಅನ್ನುವ ದಾಖಲೆಯಾಗಿ ಬರೆದಿಟ್ಟರು. ಎರಡು ಸರ್ವರ್‌ಗಳು ಮಾತಾಡುವಾಗ ಪ್ರತಿ ಮಾತಿಗೂ ಮೂರಂಕಿಯ ಉತ್ತರ. 2ರಿಂದ ಶುರುವಾದರೆ ಆಯಿತು ಅಂತ. 4ರಿಂದ ಶುರುವಾದರೆ ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂತ. 5ರಿಂದ ಶುರುವಾದರೆ ಮತ್ತೆ ಬರೋದೇ ಬೇಡ ಅಂತ. ಮೇಲ್ ಪೂರ್ತಿ ಕೊಟ್ಟು ಮುಗಿಸಿದ ಮೇಲೆ ಈ ಕಡೆಯವರು 250 ಅನ್ನಬೇಕು. ಅದು ಬರುವವರೆಗೆ ಆ ಕಡೆಯವರು ತಮ್ಮ ಪ್ರತಿಯನ್ನು ಅಳಿಸುವ ಹಾಗಿಲ್ಲ. 250 ಅಂದರೆ ಸೀಲು. ಅದು ಬಿದ್ದ ಗಳಿಗೆಯಿಂದ ಕಾಗದ ನಮ್ಮದು.

2008ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 5321 ಈ ಒಪ್ಪಂದದ ಈಗಿನ ರೂಪ. ಅದರಲ್ಲಿ ನನಗೆ ಬಾಯಿಪಾಠ ಆಗಿರುವ ಒಂದು ಭಾಗ ಇದೆ. 250 ಅಂದ ಸರ್ವರ್ ಆ ಮೇಲನ್ನು ತಲುಪಿಸುವ ಜವಾಬ್ದಾರಿ ಹೊತ್ತುಕೊಂಡಿತು ಅಂತ ಅರ್ಥ, ಆ ಜವಾಬ್ದಾರಿಯನ್ನು ಅದು ಗಂಭೀರವಾಗಿ ತಗೋಬೇಕು ಅಂತ ಹೇಳುತ್ತದೆ. ತಾಂತ್ರಿಕ ದಾಖಲೆಯಲ್ಲಿ ಇಂಥ ಮಾತು ಸಿಗುವುದು ಅಪರೂಪ. ಮುಂದಿನ ವಾಕ್ಯ ಇನ್ನೂ ಖಡಕ್ಕಾಗಿದೆ. ಆಮೇಲೆ ಮಷಿನ್ ಕೆಟ್ಟು ನಿಂತಿತು, ಮೊದಲೇ ಊಹಿಸಬಹುದಾಗಿದ್ದ ಕೊರತೆ ಬಂತು, ಇಂಥ ಕ್ಷುಲ್ಲಕ ಕಾರಣಕ್ಕೆ ಮೇಲ್ ಕಳೆಯಕೂಡದು ಅಂತ.

ಮೊದಲೇ ಊಹಿಸಬಹುದಾಗಿದ್ದ ಕೊರತೆ. ಡಿಸ್ಕ್ ತುಂಬುವುದಕ್ಕೆ ಇದಕ್ಕಿಂತ ಸರಿಯಾದ ಹೆಸರು ಇಲ್ಲ ಅನಿಸುತ್ತೆ. ಕರೆಂಟ್ ಹೇಳದೆ ಹೋಗಬಹುದು. ಡಿಸ್ಕ್ ಹಾಗಲ್ಲ, ದಿನಾ ಒಂದೊಂದು ಮೆಟ್ಟಿಲು ಹತ್ತಿ ಬರುತ್ತೆ. ಕಣ್ಣಿಟ್ಟರೆ ಕಾಣುತ್ತೆ. ನಾನು ಕಣ್ಣಿಟ್ಟಿರಲಿಲ್ಲ.

ಈಗ ಮೊದಲು ಆಗಬೇಕಾದ್ದು ಬಾಗಿಲು ತೆಗೆಯುವುದು. ಆಫೀಸಿನವರಿಗೆ ಅಷ್ಟರಲ್ಲೇ ಒಂದು ಉಪಾಯ ಹೊಳೆದಿತ್ತು. ಜಾಗ ಇಲ್ಲ ತಾನೇ, ಹಳೇ ಮೇಲ್ ಅಳಿಸೋಣ ಅಂತ. ಪರ್ಚೇಸ್‌ನ ಹುಡುಗ ಎರಡು ವರ್ಷದ ಮೇಲ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿಯೂ ಆಗಿತ್ತು. ಓಡಿ ಹೋಗಿ, "ಯಾರೂ ಏನೂ ಅಳಿಸಬೇಡಿ, ದಯವಿಟ್ಟು" ಅಂತ ಎಲ್ಲ ಮೇಜಿಗೂ ಹೇಳಿ ಬಂದೆ. ಔಟ್‌ಲುಕ್‌ನಲ್ಲಿ ಅಳಿಸಿದ ಮೇಲ್ ಸೀದಾ ಹೊರಟು ಹೋಗಲ್ಲ. ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ಗೆ ಹೋಗಿ ಕೂರುತ್ತೆ. ಒಂದು ಬೈಟ್ ಕೂಡ ಖಾಲಿ ಆಗಲ್ಲ. ಗಾಬರಿಯಲ್ಲಿ ಅಳಿಸಿದ್ದು ನಾಳೆ ಬೇಕಾಗುತ್ತೆ, ಅಷ್ಟೇ. ಆ ಹುಡುಗನ ಮೇಲ್‌ಗಳನ್ನು ಟ್ರ್ಯಾಶ್‌ನಿಂದ ವಾಪಸ್ ಹಾಕಿ ಕೊಟ್ಟೆ.

ಸರ್ವರ್ ಇದ್ದಿದ್ದು ಇಎಕ್ಸ್‌ಟಿ4 ಫೈಲ್ ಸಿಸ್ಟಂ ಮೇಲೆ, ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಪದ್ಧತಿ ಅದು. ಅದು ಹುಟ್ಟುವಾಗಲೇ ನೂರಕ್ಕೆ ಐದು ಭಾಗ ಜಾಗವನ್ನು ರೂಟ್‌ಗೆ, ಅಂದರೆ ಸರ್ವರ್‌ನ ಯಜಮಾನ ಖಾತೆಗೆ, ಅಂತ ಮೀಸಲು ಇಡುತ್ತೆ. ಉಳಿದವರಿಗೆ ಜಾಗ ಖಾಲಿಯಾದರೂ ಆ ಐದು ಭಾಗ ಹಾಗೇ ಇರುತ್ತೆ. ಬೀಜದ ಭತ್ತದ ಹಾಗೆ, ಊಟಕ್ಕೆ ತೆಗೆಯುವ ಹಾಗಿಲ್ಲ. ಅಷ್ಟೆಲ್ಲ ಆದರೂ ನಾನು ಲಾಗಿನ್ ಆಗೋಕೆ ಆಯಿತು, ಲಾಗ್ ಬರೆಯುತ್ತಲೇ ಇತ್ತು ಅಂದರೆ ಅದರಿಂದಲೇ. ನಮ್ಮ 500 ಜಿಬಿ ಡಿಸ್ಕ್ ಕಂಪ್ಯೂಟರ್ ಲೆಕ್ಕದಲ್ಲಿ 460 ಜಿಬಿ ಹತ್ತಿರ, ಅದರಲ್ಲಿ ಈ ಮೀಸಲು 23 ಜಿಬಿ. ಅದನ್ನು ಐದರಿಂದ ಒಂದಕ್ಕೆ ಇಳಿಸುವ ಕಮಾಂಡ್ ಇದೆ, ಸರ್ವರ್ ನಿಲ್ಲಿಸಬೇಕಾಗಿಲ್ಲ. ಕೊಟ್ಟೆ. 18 ಜಿಬಿ ಸಿಕ್ಕಿತು. ಪೋಸ್ಟ್‌ಫಿಕ್ಸನ್ನು ಮುಟ್ಟಲೂ ಇಲ್ಲ. ಮುಂದಿನ ಸಲ ಬಾಗಿಲು ತಟ್ಟಿದವರಿಗೆ ಅದೇ 250 ಅಂದಿತು. ಆಗ 9.50.

ಉಸಿರಾಡೋಕೆ ಒಂದಷ್ಟು ದಿನ ಸಿಕ್ಕಿತು. ಆದರೆ ಜಾಗ ಹೋಗಿದ್ದೆಲ್ಲಿಗೆ?

ಡಿಸ್ಕಿನಲ್ಲಿ ಎಷ್ಟು ಬಳಕೆ ಆಗಿದೆ ಅಂತ ಡಿಎಫ್ ಕಮಾಂಡ್ ಹೇಳುತ್ತೆ. ಅದರ ಪ್ರಕಾರ 435 ಜಿಬಿ. ಫೋಲ್ಡರ್‌ಗಳ ಒಳಗೆ ಹೋಗಿ ಒಂದೊಂದೇ ಫೈಲ್ ಕೂಡಿಸಿ ಲೆಕ್ಕ ಕೊಡುವುದು ಡಿಯು. ಅದಕ್ಕೆ ಹೊತ್ತು ಹಿಡಿಯುತ್ತೆ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್. ಆರು ವರ್ಷದ ಮೇಲ್, 60 ಚಿಲ್ಲರೆ ಜನ. ಫ್ಯಾನ್ ಸದ್ದು ಕೇಳುತ್ತಾ ಕೂತೆ. ಆಫೀಸಿನ ಅಜ್ಜಿ ಚಾ ತಂದಿಟ್ಟು ಹೋದರು. ಚಾ ಮುಗಿಯುವ ಹೊತ್ತಿಗೆ ಲೆಕ್ಕ ಬಂತು. ಮೇಲ್ 228 ಜಿಬಿ. ಉಳಿದದ್ದೆಲ್ಲ ಸೇರಿ 12. ಒಟ್ಟು 240.

ಒಂದು ಕಮಾಂಡ್ 435 ಅನ್ನುತ್ತೆ, ಇನ್ನೊಂದು 240 ಅನ್ನುತ್ತೆ. ನಡುವೆ 195 ಜಿಬಿ ಎಲ್ಲೂ ಕಾಣ್ತಿಲ್ಲ.

ಇಂಥ ವ್ಯತ್ಯಾಸ ಬಂದರೆ ಎಲ್ಲರೂ ಮೊದಲು ನೋಡುವುದು ಅಳಿಸಿದರೂ ಬಿಡದ ಫೈಲ್‌ಗಳನ್ನು. ಯಾವುದಾದರೂ ಪ್ರೋಗ್ರಾಂ ಒಂದು ಫೈಲನ್ನು ತೆರೆದಿಟ್ಟುಕೊಂಡಿರುವಾಗ ನಾವು ಅದನ್ನು ಅಳಿಸಿದರೆ, ಹೆಸರು ಹೋಗುತ್ತೆ, ಜಾಗ ವಾಪಸ್ ಬರಲ್ಲ. ಆ ಪ್ರೋಗ್ರಾಂ ಕೈ ಬಿಡುವವರೆಗೆ ಅದು ಹಾಗೇ ಇರುತ್ತೆ. ದೊಡ್ಡ ಲಾಗ್ ಫೈಲನ್ನು ಸುಮ್ನೆ ಅಳಿಸಿ, ಜಾಗ ಯಾಕೆ ಬರಲಿಲ್ಲ ಅಂತ ತಲೆ ಕೆಡಿಸಿಕೊಂಡವರು ಬಹಳ ಜನ ಇದ್ದಾರೆ. ಹುಡುಕಿದೆ. ಒಂದು ಸಿಕ್ಕಿತು, 300 ಎಂಬಿ. 195 ಜಿಬಿಯ ಮುಂದೆ ಅದು ಯಾವ ಲೆಕ್ಕ. ಐನೋಡ್ ನೋಡಿದೆ, ಒಂದೊಂದು ಫೈಲ್‌ಗೂ ಡಿಸ್ಕಿನಲ್ಲಿ ಬೇಕಾಗುವ ಒಂದೊಂದು ದಾಖಲೆ ಅದು. ಸಣ್ಣ ಸಣ್ಣ ಫೈಲ್ ಲಕ್ಷಗಟ್ಟಲೆ ಇರುವ ಕಡೆ ಜಾಗ ಇದ್ದೂ ಐನೋಡ್ ಮುಗಿದುಹೋಗುವುದುಂಟು, ಆಗಲೂ ಜಾಗ ಇಲ್ಲ ಅನ್ನೋ ಸಂದೇಶವೇ ಬರುತ್ತೆ. ಅದೂ ಸರಿ ಇತ್ತು.

ಹನ್ನೊಂದು ಗಂಟೆ ಆಯಿತು. ಗೋಡೆಗೆ ಒರಗಿ ಕೂತು ಹಲಗೆ ಮೇಲಿನ ಯುಎಸ್‌ಬಿ ಡಿಸ್ಕನ್ನೇ ನೋಡುತ್ತಿದ್ದೆ. ಅದರ ಅಡಾಪ್ಟರ್ ಹೊಸದು. ಹಳೆಯದು ಕಪ್ಪು ಇತ್ತು, ಇದು ಬಿಳಿ.

"ಈ ಅಡಾಪ್ಟರ್ ಯಾವಾಗ ಬದಲಾಯಿಸಿದ್ರಿ?" ಅಂತ ಎಲೆಕ್ಟ್ರಿಷಿಯನ್ ಅಣ್ಣನನ್ನು ಕೇಳಿದೆ.

"ಆವತ್ತು ಗಾಳಿ ಮಳೆಗೆ ಲೈನ್ ಹೋಗಿತ್ತಲ್ಲ ಮೇಡಂ, ಜುಲೈನಲ್ಲಿ. ಶುಕ್ರವಾರ ಸಂಜೆ. ಯುಪಿಎಸ್ಸೂ ಕೈ ಕೊಡ್ತು. ಕರೆಂಟ್ ಬಂದ ಮೇಲೆ ದೊಡ್ಡದು ಆನ್ ಆಯ್ತು, ಇದರ ಲೈಟ್ ಬರ್ಲಿಲ್ಲ. ಸೋಮವಾರ ಹೊಸ ಅಡಾಪ್ಟರ್ ತಂದು ಹಾಕಿ ನಿಮಗೆ ಫೋನ್ ಮಾಡಿದ್ನಲ್ಲ."

ಮಾಡಿದ್ದರು. ನೆನಪಾಯಿತು. ನಾನು ಮನೆಯಿಂದಲೇ ಡಿಸ್ಕನ್ನು ಮತ್ತೆ ಮೌಂಟ್ ಮಾಡಿ, ಅಂದರೆ ಸರ್ವರ್‌ಗೆ ಜೋಡಿಸಿ, ಸರಿಯಾಯಿತು ಅಂತ ಹೇಳಿದ್ದೆ.

ಶುಕ್ರವಾರ ಸಂಜೆಯಿಂದ ಸೋಮವಾರದವರೆಗೆ ಡಿಸ್ಕ್ ಇರಲಿಲ್ಲ. ಆದರೆ ಪ್ರತಿ ರಾತ್ರಿ ಒಂದೂವರೆಗೆ ಬ್ಯಾಕಪ್ ಸ್ಕ್ರಿಪ್ಟ್, ಅಂದರೆ ಮೇಲ್‌ಬಾಕ್ಸ್‌ಗಳ ನಕಲು ತೆಗೆಯುವ ಸಣ್ಣ ಪ್ರೋಗ್ರಾಂ, ತಾನಾಗಿಯೇ ಓಡುತ್ತೆ. ಆ ಮೂರು ರಾತ್ರಿ ಅದು ಎಲ್ಲಿಗೆ ಬರೆಯಿತು?

ಹಳೇ ಮನೆಗಳ ಗೋಡೆಯಲ್ಲಿ ಗೂಡು ಇರುತ್ತಲ್ಲ. ಆ ಗೂಡು ಮುಚ್ಚುವ ಹಾಗೆ ಒಂದು ಬೀರು ತಂದು ನಿಲ್ಲಿಸಿದ್ದೀರಿ ಅಂದುಕೊಳ್ಳಿ. ದಿನಾ ಸಾಮಾನು ಬೀರುವಿನಲ್ಲೇ ಇಡುತ್ತೀರಿ. ಒಂದು ದಿನ ರಿಪೇರಿಗೆ ಅಂತ ಬೀರು ಹೊರಗೆ ಹೋಗುತ್ತೆ. ಕತ್ತಲಲ್ಲಿ ಬಂದವರು ಅದೇ ಜಾಗಕ್ಕೆ ಕೈ ಚಾಚಿ ಸಾಮಾನು ಇಡುತ್ತಾರೆ. ಅದು ಗೂಡಿನೊಳಗೆ ಹೋಗುತ್ತೆ. ಮೂರನೇ ದಿನ ಬೀರು ವಾಪಸ್ ಬಂದು ಅದೇ ಜಾಗದಲ್ಲಿ ನಿಲ್ಲುತ್ತೆ. ಈಗ ಗೂಡಿನಲ್ಲಿ ಇಟ್ಟಿದ್ದು ಯಾರ ಕಣ್ಣಿಗೂ ಬೀಳಲ್ಲ. ಆದರೆ ಗೋಡೆಯೊಳಗೆ ಇದ್ದೇ ಇದೆ.

ಲಿನಕ್ಸ್‌ನಲ್ಲಿ ಮೌಂಟ್ ಮಾಡುವುದು ಅಂದರೆ ಹೀಗೇ. ಬ್ಯಾಕಪ್ ಅನ್ನುವುದು ಸರ್ವರ್‌ನ ಸ್ವಂತ ಡಿಸ್ಕಿನಲ್ಲಿರುವ ಒಂದು ಖಾಲಿ ಫೋಲ್ಡರ್. ಅದರ ಮುಂದೆ ಯುಎಸ್‌ಬಿ ಡಿಸ್ಕ್ ಬಂದು ನಿಲ್ಲುತ್ತೆ. ಡಿಸ್ಕ್ ಇಲ್ಲದ ರಾತ್ರಿ ಸ್ಕ್ರಿಪ್ಟ್ ಆ ಖಾಲಿ ಫೋಲ್ಡರ್‌ಗೇ ಬರೆಯಿತು. ಅಲ್ಲಿ ಹಳೆಯದೇನೂ ಇಲ್ಲದ್ದರಿಂದ ಎಲ್ಲ ಮೇಲ್‌ಬಾಕ್ಸ್‌ಗಳನ್ನೂ ಮೊದಲಿನಿಂದ ನಕಲು ಮಾಡಿತು. ಸೋಮವಾರ ಡಿಸ್ಕ್ ಬಂದಿತು, ಎಲ್ಲ ಮುಚ್ಚಿಹೋಯಿತು. ಡಿಎಫ್ ಕೇಳುವುದು ಡಿಸ್ಕನ್ನು, ಅದಕ್ಕೆ ಗೂಡಿನೊಳಗಿನದೂ ಗೊತ್ತು. ಡಿಯು ಬಾಗಿಲಿನಿಂದ ಬಾಗಿಲಿಗೆ ನಡೆದು ಹೋಗುತ್ತೆ, ಅದಕ್ಕೆ ಬೀರು ಮಾತ್ರ ಕಾಣುತ್ತೆ. ನೂರಕ್ಕೆ 88 ಭಾಗ ತುಂಬಿದ್ದ ಡಿಸ್ಕಿನಲ್ಲಿ ಮೀಸಲು ಬಿಟ್ಟು ಉಳಿದಿದ್ದ 33 ಜಿಬಿಯನ್ನು ಮುಂದಿನ ಮೂರು ವಾರದ ಮೇಲ್ ತುಂಬಿಸಿತು.

ಮೂರು ವಾರಕ್ಕೆ 33 ಜಿಬಿ ಜಾಸ್ತಿ ಅನಿಸಬಹುದು. ಫೌಂಡ್ರಿಯ ಮೇಲ್ ಅಂದರೆ ಡ್ರಾಯಿಂಗ್. ಮೇಲ್ ಮೂಲತಃ ಬರೀ ಅಕ್ಷರ ಸಾಗಿಸೋಕೆ ಹುಟ್ಟಿದ್ದು. ಹಾಗಾಗಿ ಅಟ್ಯಾಚ್‌ಮೆಂಟ್ ಕೂಡ ಅಕ್ಷರಗಳ ರೂಪ ತಾಳಿಯೇ ಪ್ರಯಾಣ ಮಾಡಬೇಕು. ಬೇಸ್64 ಅಂತಾರೆ. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತೆ. 15 ಎಂಬಿಯ ಡ್ರಾಯಿಂಗ್ ಮೇಲ್‌ಬಾಕ್ಸ್‌ನಲ್ಲಿ 20 ಎಂಬಿ ದಾಟುತ್ತೆ. ಅದನ್ನು ಪ್ಯಾಟರ್ನ್, ಮೆಷಿನ್ ಶಾಪ್, ಕ್ವಾಲಿಟಿ ಅಂತ ಒಂಬತ್ತು ಜನಕ್ಕೆ ಹಾಕಿದರೆ ಒಂಬತ್ತು ಪ್ರತಿ. ಅದರಲ್ಲೊಬ್ಬರು ರಿಪ್ಲೈ ಆಲ್ ಮಾಡಿ, ಡ್ರಾಯಿಂಗ್ ಮತ್ತೆ ಲಗತ್ತಿಸಿ, ಸರಿ ಇದೆ ಅಂತ ಬರೆದರೆ ಇನ್ನೊಂದು ಒಂಬತ್ತು. ಯಾರದ್ದೂ ತಪ್ಪಲ್ಲ. ಕೆಲಸ ಆಗುವುದೇ ಹೀಗೆ.

ಗೂಡಿನೊಳಗೆ ನೋಡೋಕೆ ಒಂದು ದಾರಿ ಇದೆ. ಬೈಂಡ್ ಮೌಂಟ್ ಅಂತ. ಇಡೀ ಡಿಸ್ಕನ್ನು ಇನ್ನೊಂದು ಜಾಗದಿಂದ ತೋರಿಸು ಅಂತ ಕೇಳುವುದು. ಅಲ್ಲಿಂದ ನೋಡಿದರೆ ಮುಂದೆ ನಿಂತ ಬೀರು ಇರಲ್ಲ. ಮಾಡಿದೆ. ಅಲ್ಲಿನ ಬ್ಯಾಕಪ್ ಫೋಲ್ಡರ್ ಮೇಲೆ ಡಿಯು ಓಡಿಸಿದೆ. ಕರ್ಸರ್ ಬಹಳ ಹೊತ್ತು ಮಿಣುಕುತ್ತಾ ಇತ್ತು. ಆಮೇಲೆ ಒಂದೇ ಸಾಲು ಬಂತು. 195 ಜಿಬಿ.

ಇಂಥ ಹೊತ್ತಲ್ಲೇ ದೊಡ್ಡ ತಪ್ಪು ಆಗೋದು. ಒಂದೇ ಹೆಸರಿನ ಎರಡು ಫೋಲ್ಡರ್. ಒಂದರಲ್ಲಿ ಬೇಡದ ನಕಲು, ಇನ್ನೊಂದರಲ್ಲಿ ಆರು ವರ್ಷದ ನಿಜವಾದ ಬ್ಯಾಕಪ್. ಅಳಿಸುವ ಕಮಾಂಡ್‌ಗೆ ಅವೆರಡರ ವ್ಯತ್ಯಾಸ ಗೊತ್ತಿಲ್ಲ. ಪರದೆ ಮೇಲಿನ ಹೆಸರನ್ನು ಎಷ್ಟು ಸಲ ಓದಿದರೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಕೊನೆಗೆ ಯುಎಸ್‌ಬಿ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಕೇಬಲ್ ಕಿತ್ತು, ಹಲಗೆಯಿಂದ ಇಳಿಸಿ ತೊಡೆ ಮೇಲೆ ಇಟ್ಟುಕೊಂಡೆ. ಇನ್ನೂ ಬೆಚ್ಚಗಿತ್ತು. ಅದು ನನ್ನ ತೊಡೆ ಮೇಲೆ ಇದೆ ಅಂದ ಮೇಲೆ ನಾನು ಏನು ಒತ್ತಿದರೂ ಅದಕ್ಕೆ ತಗುಲಲ್ಲ. ಆಗ ಅಳಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಡಿಸ್ಕ್ ಮೇಲೆ ಕೈ ಇಟ್ಟೇ ಕೂತಿದ್ದೆ.

ಮೀಸಲನ್ನು ಮತ್ತೆ ಐದಕ್ಕೆ ಏರಿಸಿದೆ. ಅದು ಅಡವಿಟ್ಟು ತಂದ ಜಾಗ, ಬಿಡಿಸಿಕೊಳ್ಳದೆ ಇದ್ದರೆ ಮುಂದಿನ ಸಲ ಕಷ್ಟಕ್ಕೆ ಏನೂ ಇರಲ್ಲ.

ಈ ಮಧ್ಯೆ ಹೊರಗಿನ ಮೇಲ್ ಬರುತ್ತಲೇ ಇತ್ತು. ನಮ್ಮ ಕ್ಯೂ ನೋಡಿದರೆ ಹೆಚ್ಚುಕಡಿಮೆ ಖಾಲಿ. ಹನ್ನೊಂದು ಗಂಟೆ ಕಾಲ ನಮಗೆ ಬರಬೇಕಿದ್ದ ಮೇಲ್‌ಗಳೆಲ್ಲ ಪುಣೆ, ಚೆನ್ನೈ, ಬೆಂಗಳೂರು ಅಂತ ಕಳಿಸಿದವರ ಸರ್ವರ್‌ಗಳಲ್ಲೇ ಕಾಯುತ್ತಿದ್ದವು. ನಮ್ಮ ಮನೆ ಬಾಗಿಲು ಹಾಕಿದ್ದಕ್ಕೆ ಬೇರೆಯವರ ಜಗುಲಿ ಮೇಲೆ ರಾತ್ರಿ ಕಳೆದಿದ್ದವು. ಕನಿಷ್ಠ ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನ ಮಾಡಿ, ನಾಲ್ಕೈದು ದಿನವಾದರೂ ಕೈ ಬಿಡಬೇಡಿ ಅಂತ ಆರ್‌ಎಫ್‌ಸಿ ಹೇಳುತ್ತೆ. ಪೋಸ್ಟ್‌ಫಿಕ್ಸ್ ಇರುವ ಕಡೆ ಐದು ದಿನ ಇಟ್ಟುಕೊಂಡಿರುತ್ತೆ. ಮೊದಲ ಸಲ ಐದು ನಿಮಿಷಕ್ಕೆ ಬರುತ್ತೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗಿ ಸುಮಾರು ಗಂಟೆಗೊಂದು ಸಲಕ್ಕೆ ನಿಲ್ಲುತ್ತೆ. ಕೆಲವು ಸರ್ವರ್‌ಗಳು ನಾಲ್ಕು ಗಂಟೆ ಕಳೆದ ಮೇಲೆ ಕಳಿಸಿದವರಿಗೆ, ನಿಮ್ಮ ಮೇಲ್ ಇನ್ನೂ ತಲುಪಿಲ್ಲ, ನಾವು ಪ್ರಯತ್ನ ಬಿಟ್ಟಿಲ್ಲ ಅಂತ ತಿಳಿಸುತ್ತವೆ. ಪುಣೆಯವರು ಫೋನ್ ಮಾಡಿದ್ದು ಅದನ್ನು ನೋಡಿಯೇ.

ಲಾಗ್ ಪರದೆ ಮೇಲೆ ಓಡುವುದನ್ನು ನೋಡುತ್ತಾ ಕೂತೆ. ಒಂದೊಂದು ಸಾಲು ಬಂದಾಗಲೂ ಮನಸ್ಸು ಹಗುರಾಗುತ್ತಿತ್ತು. ಹೊಸ ಮೇಲ್ ಬಂದಾಗ ಪೋಸ್ಟ್‌ಫಿಕ್ಸ್ ಅದನ್ನು ಒಂದು ಫೈಲ್‌ಗೆ ಬರೆಯುತ್ತೆ. ಪೂರ್ತಿ ಬರೆದು, ಮೆಮೊರಿಯಲ್ಲಿ ಉಳಿಯದೆ ಡಿಸ್ಕಿಗೆ ಹೋಗಿ ಕೂತಿದೆ ಅಂತ ಖಾತ್ರಿ ಮಾಡಿಕೊಳ್ಳುತ್ತೆ. ಆ ಫೈಲ್‌ಗೆ ಪೂರ್ತಿಯಾಗಿದೆ ಅಂತ ಒಂದು ಗುರುತು ಹಾಕುತ್ತೆ. ಪ್ರೋಗ್ರಾಂಗಳಿಗೆ ಹಾಕುವ ಎಕ್ಸಿಕ್ಯೂಟ್ ಅನುಮತಿಯನ್ನೇ ಅದು ಈ ಗುರುತಿಗೆ ಬಳಸುತ್ತೆ. ಇಷ್ಟೂ ಆದ ಮೇಲೆ 250 ಅನ್ನುತ್ತೆ. ಕವರ್ ತಿರುಗಿಸಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದು, ಆಮೇಲೆ ಸೀಲು. ಮೆಟ್ಟಿಲ ಪಕ್ಕದ ಮೇಜಿನ ಕ್ರಮವೇ. ಟಪಾಲು ಸರ್ ಒಮ್ಮೆ ಹೇಳಿದ್ದು ನೆನಪಿದೆ. ಬಹಳ ವರ್ಷದ ಹಿಂದೆ ಬೇರೆ ಆಫೀಸಿನಲ್ಲಿದ್ದಾಗ, ಸಂಜೆ ಗಡಿಬಿಡಿಯಲ್ಲಿ ರಿಜಿಸ್ಟರ್‌ಗೆ ಬರೆಯದೆ ಒಂದು ಟೆಂಡರ್ ಕವರ್‌ಗೆ ಸೀಲು ಹಾಕಿ ಕೊಟ್ಟುಬಿಟ್ಟರಂತೆ. ಆ ಕವರ್ ಮತ್ತೆ ಸಿಗಲಿಲ್ಲ. "ತಂದವನ ಹತ್ರ ನನ್ನ ಸೀಲಿನ ಚೀಟಿ ಇತ್ತು. ನನ್ನ ಹತ್ರ ಏನೂ ಇರ್ಲಿಲ್ಲ" ಅಂದಿದ್ದರು. ಅಷ್ಟು ಹೇಳಿ ಸುಮ್ಮನಾಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಬರುವುದು ಕಡಿಮೆಯಾಯಿತು. ಎಲ್ಲ ಬಂದವಾ ಅಂತ ಹೇಗೆ ತಿಳಿಯೋದು? ರಾತ್ರಿ 10.43ರಿಂದ ಬೆಳಿಗ್ಗೆ 9.50ರವರೆಗೆ ಬಾಗಿಲು ತಟ್ಟಿದ ಸರ್ವರ್‌ಗಳ ಪಟ್ಟಿ ತೆಗೆದೆ. ಪಕ್ಕದಲ್ಲಿ, ಆಮೇಲೆ ಬಂದು ಮೇಲ್ ಕೊಟ್ಟು ಹೋದವರ ಪಟ್ಟಿ. ಒಂದೊಂದೇ ಹೆಸರು ಹೊಡೆದು ಹಾಕುತ್ತಾ ಬಂದೆ. ಎಲ್ಲರೂ ಹತ್ತು, ಇಪ್ಪತ್ತು ಸಲ ತಟ್ಟಿದ್ದರು. ಒಂದು ವಿಳಾಸ ಮಾತ್ರ 11.32ಕ್ಕೆ ಒಂದೇ ಒಂದು ಸಲ ಬಂದು ಹೋಗಿತ್ತು. ಮತ್ತೆ ಬಂದಿರಲಿಲ್ಲ.

ಪಟ್ಟಿ ಹಿಡಿದು ಟಪಾಲು ಸರ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಕೊಯಮತ್ತೂರಿನವರು. ಪ್ಯಾಟರ್ನ್ ಕಳಿಸ್ತಾರಲ್ಲ, ಅವರು" ಅಂದು ಅಲ್ಲಿಂದಲೇ ಫೋನ್ ಹಚ್ಚಿದರು. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ರಾತ್ರಿ ತಾನೇ ಬಿಲ್ ಮೇಲ್ ಮಾಡುತ್ತಂತೆ. ನಡುವೆ ಮೇಲ್ ಸರ್ವರ್ ಇಲ್ಲ, ಕ್ಯೂ ಇಲ್ಲ. ಒಂದು ಸಲ ಕೊಟ್ಟು ನೋಡುತ್ತೆ, ತಗೊಳ್ಳದಿದ್ದರೆ ಅಲ್ಲಿಗೆ ಬಿಡುತ್ತೆ. ಆಮೇಲೆ ಬನ್ನಿ ಅಂದಿದ್ದನ್ನು ಕೇಳಿಸಿಕೊಳ್ಳುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಎಷ್ಟೋ ಮಷಿನ್‌ಗಳದ್ದೂ ಇದೇ ಕಥೆ. ನಮ್ಮ ಕಡೆಯಿಂದ ಎಷ್ಟೇ ಸರಿಯಾಗಿ 452 ಅಂದರೂ, ಆ ಕಡೆ ಕಾಯುವವರು ಇದ್ದರೆ ಮಾತ್ರ ಮೇಲ್ ಉಳಿಯುತ್ತೆ.

ಇನ್ನು ನನ್ನ ತಪ್ಪು. ಡಿಸ್ಕ್ 85 ಭಾಗ ದಾಟಿದರೆ ಎಚ್ಚರಿಕೆ ಕಳಿಸು ಅಂತ ನಾನೇ ಹಾಕಿಟ್ಟಿದ್ದೆ. ಅದು ಕಳಿಸಿತ್ತು. ಜುಲೈನ ಆ ಶನಿವಾರದಿಂದ ದಿನಾ ಒಂದು. ಅದು ಹೋಗುತ್ತಿದ್ದುದು ಇದೇ ಸರ್ವರ್‌ನ ರೂಟ್ ಮೇಲ್‌ಬಾಕ್ಸ್‌ಗೆ. ದಿನಾ ರಾತ್ರಿ ಬರುವ ಹತ್ತಾರು ಮಾಮೂಲಿ ವರದಿಗಳ ನಡುವೆ ಆ ಎಚ್ಚರಿಕೆಗಳು ಹಾಗೇ ಕೂತಿದ್ದವು, ಒಂದನ್ನೂ ತೆರೆದಿರಲಿಲ್ಲ. ಅವತ್ತು ಸಂಜೆ ಒಂದೊಂದನ್ನೇ ತೆರೆದು ಓದಿದೆ. 88, 89, 89, 90. ಬಹಳ ಬೇಜಾರಾಯಿತು. ತನ್ನ ಕೆಲಸ ಅದು ಸರಿಯಾಗಿ ಮಾಡಿತ್ತು, ನನ್ನದನ್ನು ನಾನೇ ಮಾಡಿರಲಿಲ್ಲ. ಮಾಲೀಕರಿಗೂ ಇದನ್ನು ಹಾಗೇ ಹೇಳಿದೆ. ಈಗ ಎಚ್ಚರಿಕೆ ನನ್ನ ಫೋನಿಗೆ ಬರುತ್ತೆ, ಮೇಲ್ ದಾರಿಯಲ್ಲಿ ಅಲ್ಲ. ಮಾಮೂಲಿ ವರದಿಗಳನ್ನು ನಿಲ್ಲಿಸಿಬಿಟ್ಟೆ. ಬರುವುದು ಕಡಿಮೆ, ಬಂದದ್ದನ್ನು ಓದುತ್ತೇನೆ.

ಸ್ಕ್ರಿಪ್ಟ್‌ನ ತಲೆಯಲ್ಲಿ ಒಂದು ಸಾಲು ಸೇರಿಸಿದೆ. ಡಿಸ್ಕ್ ನಿಜವಾಗಿ ಮೌಂಟ್ ಆಗಿದೆಯಾ ನೋಡು, ಇಲ್ಲದಿದ್ದರೆ ಅಲ್ಲೇ ನಿಲ್ಲು ಅಂತ. ಅದು ಸಾಲದು ಅನಿಸಿತು. ಡಿಸ್ಕ್ ಇಲ್ಲದಾಗ ಆ ಖಾಲಿ ಫೋಲ್ಡರ್‌ಗೇ ಬೀಗ ಹಾಕಿದೆ. ಇಮ್ಯೂಟಬಲ್ ಅಂತ ಒಂದು ಗುಣ ಕೊಡಬಹುದು, ಆಮೇಲೆ ರೂಟ್ ಬಂದರೂ ಅದರೊಳಗೆ ಏನೂ ಬರೆಯೋಕೆ ಆಗಲ್ಲ. ಡಿಸ್ಕ್ ಬಂದು ಮುಂದೆ ನಿಂತರೆ ಬೀಗ ಅಡ್ಡ ಬರಲ್ಲ. ಗೂಡಿಗೆ ಹಲಗೆ ಹೊಡೆದ ಹಾಗೆ.

ಮಾರನೇ ದಿನ ಮತ್ತೆ ಹೋದೆ. ಅಕೌಂಟ್ಸ್ ಮೇಡಂ ರಿಟರ್ನ್ ಹಾಕಿ ಮುಗಿಸಿದ್ದರು. ಯುಎಸ್‌ಬಿ ಡಿಸ್ಕ್ ಅನ್‌ಮೌಂಟ್ ಮಾಡಿ, ಕೇಬಲ್ ಕಿತ್ತು, ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಒಂದು ಸೆಕೆಂಡಿಗೆ ನಿಂತಿತು. ಜೇಬಿನಲ್ಲಿದ್ದ ಫೋನ್ ಗುಂಯ್ ಅಂದಿತು. ಸೇರಿಸಿದ್ದ ಸಾಲು ತೆಗೆದು ಇನ್ನೊಂದು ಸಲ ಓಡಿಸಿದೆ. ಈ ಸಲ ಫೋಲ್ಡರ್ ಬೀಗ ತಡೆಯಿತು. ಸಾಲನ್ನು ವಾಪಸ್ ಹಾಕಿ ಕೇಬಲ್ ಚುಚ್ಚಿದೆ.

ಹೊರಡುವಾಗ ಕೊರಿಯರ್‌ನವನು ಬಂದಿದ್ದ. ಮೇಲ್‌ನಲ್ಲಿ ಬಾರದ ಬಿಲ್ಲನ್ನು ಕೊಯಮತ್ತೂರಿನವರು ಕಾಗದದಲ್ಲೇ ಕಳಿಸಿದ್ದರು. ಟಪಾಲು ಸರ್ ಕವರ್ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಒಂದು ಮೂಲೆ ಮಳೆಗೆ ಸ್ವಲ್ಪ ನೆನೆದಿತ್ತು. ರಿಜಿಸ್ಟರ್ ಎಳೆದುಕೊಂಡು, ನಂಬರ್ ಬರೆದು, ಷರಾದಲ್ಲಿ "ಬಲ ಮೂಲೆ ಒದ್ದೆ" ಅಂತ ಸೇರಿಸಿ, ಸೀಲನ್ನು ಪ್ಯಾಡಿಗೆ ಒತ್ತಿದರು.